ಒಂದು ಕತೆಗೆ ಒಂದೇ ಸುಳ್ಳು

ನಮ್ಮ ಭಾನುವಾರದ ಕತೆ ಕ್ಲಾಸಿನ ಮಕ್ಕಳು ಬರೆದ ಕತೆಗಳ ಬೆನ್ನಿಗೆ ಯಾವಾಗಲೂ ಯಾರದೋ ಮದುವೆ ಇರುತ್ತದೆ. ಹಾಳೆಯ ಈ ಕಡೆ ಮಂಗಳ ಗ್ರಹದಲ್ಲಿ ನೀರಿನ ಟ್ಯಾಂಕರ್‌ಗೆ ಜಗಳ. ತಿರುಗಿಸಿದರೆ 'ತಮ್ಮ ಆಗಮನಾಭಿಲಾಷಿಗಳು'. ಕಾರಣ ಇಷ್ಟೇ, ನನಗೆ ಗೌರಿಬಿದನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ ಎಲ್ಲಾ ಮಾಡುತ್ತೇವೆ. ಲಗ್ನಪತ್ರಿಕೆ ಪ್ರೂಫ್ ತೆಗೆದರೆ ಒಂದರಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿರುತ್ತದೆ, ಇನ್ನೊಂದರಲ್ಲಿ ಇನಿಷಿಯಲ್ ತಪ್ಪು. ಹಾಳಾದ ಹಾಳೆ ದಿನಕ್ಕೆ ಒಂದು ಹಿಡಿ ಬೀಳುತ್ತದೆ. ಒಂದು ಬದಿ ಖಾಲಿ ಇರೋ ಹಾಳೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಅವೇ ನಮ್ಮ ಕತೆಯ ಪುಸ್ತಕ.

ಭಾನುವಾರ ಹತ್ತು ಗಂಟೆಗೆ ಶಟರ್ ಅರ್ಧ ಇಳಿಸಿ ಮೇಲಿನ ರೂಮಿಗೆ ಹತ್ತುತ್ತೇವೆ. ಒಂಬತ್ತು ಮಕ್ಕಳು. ಏಳನೇ ಕ್ಲಾಸಿನವಳಿಂದ ಹಿಡಿದು ಸೆಕೆಂಡ್ ಪಿಯುಸಿವರೆಗೆ ಇದ್ದಾರೆ. ಅವರ ಅಮ್ಮಂದಿರ ವಯಸ್ಸು ನನಗೆ, ಆದರೂ ಅಕ್ಕ ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ. ನಾನು ಕತೆ ಬರೆಯುತ್ತೇನೆ, ಕೆಲವು ಪತ್ರಿಕೆಗಳಲ್ಲಿ ಬಂದಿವೆ. ಅದರಲ್ಲಿ ಬಂದ ದುಡ್ಡು ಲ್ಯಾಮಿನೇಷನ್ನಿನಲ್ಲಿ ಒಂದು ವಾರ ಬರೋ ದುಡ್ಡಿಗಿಂತ ಕಡಿಮೆ. ಮಕ್ಕಳ ಹೆಸರು ಇಲ್ಲಿ ಹಾಕುತ್ತಿಲ್ಲ. ಅದು ಅವರದೇ ಷರತ್ತು. "ಹೆಸರು ಹಾಕಿದ್ರೆ ಅಮ್ಮ ಓದ್ತಾರೆ ಅಕ್ಕಾ."

ಏನು ಬರೆಸುತ್ತೀರಿ ಅಂತ ಜನ ಕೇಳುತ್ತಾರೆ. ಸ್ಪೆಕ್ಯುಲೇಟಿವ್ ಫಿಕ್ಷನ್ ಅಂದರೆ ಮುಖ ನೋಡುತ್ತಾರೆ. ವಿಜ್ಞಾನದ ಕತೆ, ದೆವ್ವದ ಕತೆ, ಮಾಯಾಲೋಕದ ಕತೆ, ಇತಿಹಾಸ ಬೇರೆ ಥರ ನಡೆದಿದ್ದರೆ ಏನಾಗುತ್ತಿತ್ತು ಅನ್ನೋ ಕತೆ, ಎಲ್ಲಾ ಒಂದೇ ಚಪ್ಪರದ ಕೆಳಗೆ. ಮೊದಲು ನಾನು 'ಊಹಾ ಸಾಹಿತ್ಯ' ಅಂತ ಬೋರ್ಡಿನ ಮೇಲೆ ಬರೆದೆ. ಯಾರೋ ಆಕಳಿಸಿದರು. ಆಮೇಲೆ ಒಬ್ಬಳು "ಅಕಸ್ಮಾತ್ ಕತೆ ಅನ್ನೋಣ" ಅಂದಳು. ಅಕಸ್ಮಾತ್ ಮಳೆ ಕೆಳಗಿನಿಂದ ಮೇಲಕ್ಕೆ ಸುರಿದರೆ? ಅಕಸ್ಮಾತ್ ಸತ್ತ ತಾತ ಪಿಂಚಣಿ ತಗೊಳ್ಳಲು ವಾಪಸ್ ಬಂದರೆ? ಆವತ್ತಿನಿಂದ ಅದೇ ಹೆಸರು.

ಮೊದಲ ವರ್ಷ ಬಂದ ಕತೆಗಳಲ್ಲಿ ಹೀರೋಗಳೆಲ್ಲ ಜಾನ್. ಊರು ನ್ಯೂಯಾರ್ಕ್. ಹಾರೋ ತಟ್ಟೆ ಬಂದು ಇಳಿಯೋದು ಅಲ್ಲೇ. "ಗೌರಿಬಿದನೂರಲ್ಲಿ ಯಾಕೆ ಇಳಿಯಲ್ಲ?" ಅಂತ ಕೇಳಿದೆ. "ಇಲ್ಲೇನಿದೆ ಅಕ್ಕಾ?" ಅಂದರು. ಇನ್ನೊಂದು ಕಾಯಿಲೆ ಕನಸು. ಮೂರು ಪುಟ ರಾಕ್ಷಸ ಅಟ್ಟಿಸಿಕೊಂಡು ಬರುತ್ತಾನೆ, ಕೊನೇ ಸಾಲಲ್ಲಿ 'ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು'. ಅದಕ್ಕೆ ದಂಡ ಹಾಕಿದೆ. ಯಾರ ಕತೆಯಲ್ಲಿ ಹೀರೋ ಎಚ್ಚರ ಆಗುತ್ತಾನೋ ಅವರು ಎಲ್ಲರಿಗೂ ಟೀ ಕೊಡಿಸಬೇಕು. ಒಬ್ಬ ಜಾಣ 'ಎದ್ದು ನೋಡಿದರೆ ಅದು ಕನಸಾಗಿರಲಿಲ್ಲ' ಅಂತ ಮುಗಿಸಿದ. ಟೀ ಕೊಡಿಸಬೇಕೋ ಬೇಡವೋ ಅಂತ ಮುಕ್ಕಾಲು ಗಂಟೆ ಜಗಳ ಆಯಿತು. ಕೊನೆಗೆ ಅರ್ಧ ಟೀ ಅಂತ ತೀರ್ಪಾಯಿತು.

ಮೊದಲು ನಾವು ಸೇರುತ್ತಿದ್ದದ್ದು ಒಂದು ಶಾಲೆಯ ರೂಮಿನಲ್ಲಿ. ಯಾವ ಶಾಲೆ ಅನ್ನೋದು ಬೇಡ. ಒಬ್ಬ ಹುಡುಗ ಕತೆ ಬರೆದ. ಶಾಲೆಯ ಕಟ್ಟಡ ದಿನಕ್ಕೆ ಒಂದು ಇಂಚು ನೆಲದೊಳಗೆ ಇಳಿಯುತ್ತಿದೆ. ಯಾರೂ ಗಮನ ಕೊಡಲ್ಲ, ಹಾಜರಿ ಮಾತ್ರ ದಿನಾ ತಗೊಳ್ಳುತ್ತಾರೆ. ಕೊನೆಗೆ ಕಿಟಕಿಯೂ ಮುಚ್ಚಿಹೋದ ಮೇಲೆ ಕತ್ತಲಲ್ಲಿ "ಪ್ರೆಸೆಂಟ್ ಸಾರ್" ಅನ್ನೋ ದನಿ ಕೇಳುತ್ತದೆ. ಅದು ಹೇಗೋ ಅಲ್ಲಿನ ದೊಡ್ಡವರ ಕೈಗೆ ಸಿಕ್ಕಿತು. "ನೀತಿ ಕತೆ ಬರೆಸಿ ಮೇಡಂ" ಅಂದರು. ಮುಂದಿನ ವಾರ ರೂಮಿಗೆ ಬೀಗ. ನನಗೆ ಬೇಜಾರಾಗಿದ್ದು ಬೀಗಕ್ಕಲ್ಲ. ಆ ಹುಡುಗ ಆಮೇಲೆ ಬರೆಯೋದನ್ನೇ ಬಿಟ್ಟ. ಈಗಲೂ ಅಂಗಡಿಗೆ ಬರುತ್ತಾನೆ, ಹಾಲ್ ಟಿಕೆಟ್ ಪ್ರಿಂಟ್ ತಗೊಂಡು ಹೋಗುತ್ತಾನೆ. ಅಷ್ಟೇ.

ನಮ್ಮ ಕ್ಲಾಸಿನಲ್ಲಿ ದೊಡ್ಡ ನಿಯಮ ಅಂತ ಇರೋದು ಒಂದೇ. ಒಂದು ಕತೆಗೆ ಒಂದೇ ಸುಳ್ಳು. ಆ ಒಂದು ಸುಳ್ಳು ಎಷ್ಟು ದೊಡ್ಡದಾದರೂ ಆಗಲಿ, ಉಳಿದದ್ದೆಲ್ಲ ನಿಜ ಇರಬೇಕು. ಬಸ್ ಚಾರ್ಜು, ಅಡಿಗೆಮನೆ, ಹೊಟ್ಟೆಹಸಿವು ಎಲ್ಲಾ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿದ್ದಲ್ಲ. ನಮ್ಮಜ್ಜಿ ಹೇಳುತ್ತಿದ್ದ, ಹುಡುಗಿ ಹೂವಿನ ಗಿಡ ಆಗೋ ಕತೆಯಿಂದ ಕಲಿತದ್ದು. ನಿಮಗೂ ಗೊತ್ತಿರುತ್ತದೆ. ಒಂದು ಬಿಂದಿಗೆ ನೀರು ಹುಯ್ದರೆ ಗಿಡ ಆಗುತ್ತಾಳೆ, ಇನ್ನೊಂದು ಬಿಂದಿಗೆ ಹುಯ್ದರೆ ವಾಪಸ್ ಹುಡುಗಿ. ಹೂವು ಕೀಳುವಾಗ ಉಗುರು ತಾಗಬಾರದು, ಎಲೆ ಕೀಳಬಾರದು, ಕೊಂಬೆ ಮುರಿಯಬಾರದು. ಇಷ್ಟೇ ಮಾಯ. ಇನ್ನು ಬಡತನ, ಹೂ ಮಾರೋದು, ನಾದಿನಿಯ ಹೊಟ್ಟೆಕಿಚ್ಚು ಎಲ್ಲಾ ನಮ್ಮ ಬೀದಿಯದ್ದೇ. ಕೊಂಬೆ ಮುರಿದಾಗ ಎದೆ ಝಲ್ ಅನ್ನೋದು ಯಾಕೆ? ಲೆಕ್ಕ ಮೊದಲೇ ಹೇಳಿಟ್ಟಿದ್ದಾರೆ. ಅಜ್ಜಿ ಕತೆ ಹೇಳುವಾಗ ಬಿಂದಿಗೆ ಎಷ್ಟು ಅಂತ ಒಮ್ಮೆಯೂ ತಪ್ಪುತ್ತಿರಲಿಲ್ಲ. ನಾನು ತಪ್ಪಿಸಿದರೆ ಬೈಯುತ್ತಿದ್ದಳು.

ಕಲ್ಪನೆ ಬೇಕು, ಕಲ್ಪನೆ ಬೇಕು ಅಂತ ಎಲ್ಲರೂ ಮಕ್ಕಳಿಗೆ ಹೇಳುತ್ತಾರೆ. ನನ್ನ ಪ್ರಕಾರ ಕಲ್ಪನೆ ಮಕ್ಕಳಿಗೆ ಜಾಸ್ತಿಯೇ ಇದೆ. ಇಲ್ಲದ್ದು ಲೆಕ್ಕ. ಹಾಗಾಗಿ ನನ್ನ ಕ್ಲಾಸಿನಲ್ಲಿ ಕತೆ ಬರೆಯೋ ಮುಂಚೆ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇವೆ. ಈ ಕಡೆ ಯಾರಿಗೆ ಲಾಭ, ಆ ಕಡೆ ಯಾರಿಗೆ ನಷ್ಟ. ಒಬ್ಬ ಹುಡುಗ, ಕೂತಲ್ಲಿಂದ ಮಾಯವಾಗಿ ಬೆಂಗಳೂರಲ್ಲಿ ಎದ್ದೇಳೋ ಯಂತ್ರದ ಕತೆ ತಂದ. ಹೆಸರು 'ಸ್ಥಳಾಂತರ ಯಂತ್ರ'. ಗೆರೆ ಎಳೆದ. ಲಾಭದ ಕಡೆ ದಿನಾ ಬೆಳಿಗ್ಗೆ ಕತ್ತಲಲ್ಲೇ ಎದ್ದು ರೈಲು ಹತ್ತಿ ಕೆಲಸಕ್ಕೆ ಹೋಗೋರು. ಅವರಪ್ಪನೂ ಅದರಲ್ಲಿ ಒಬ್ಬರು. ನಷ್ಟದ ಕಡೆ ರೈಲಲ್ಲಿ ಕಡಲೆಕಾಯಿ ಮಾರೋರು, ಸ್ಟೇಷನ್ ಹತ್ತಿರ ಗಾಡಿ ನಿಲ್ಲಿಸಿಕೊಳ್ಳೋರು, ಹೂವಿನವರು. ಆಮೇಲೆ ಪೆನ್ನು ಕಚ್ಚಿಕೊಂಡು ಕೂತ. ತುಂಬಾ ಹೊತ್ತಾದ ಮೇಲೆ ನಷ್ಟದ ಕಡೆಯೇ ಬರೆದ: 'ಅಪ್ಪ ಮತ್ತು ಅವರ ಇಸ್ಪೀಟ್ ಫ್ರೆಂಡ್ಸ್'. ಆ ರೈಲಿನ ಒಂದೂಮುಕ್ಕಾಲು ಗಂಟೆ ಇದೆಯಲ್ಲ, ಅಪ್ಪ ನಗೋದು ಅಲ್ಲಿ ಮಾತ್ರವಂತೆ. ಕತೆ ಅಲ್ಲಿಂದ ಶುರುವಾಯಿತು. ಯಂತ್ರ ಬಂದ ಮೇಲೂ ನಾಲ್ಕು ಜನ ಖಾಲಿ ರೈಲಲ್ಲಿ ಹೋಗುತ್ತಾರೆ.

ಯಂತ್ರದ ಹೆಸರನ್ನೂ ಬದಲಾಯಿಸಿದೆವು. ಊರಿನವರು ಯಾರೂ 'ಸ್ಥಳಾಂತರ ಯಂತ್ರ' ಅನ್ನಲ್ಲ. ಮಣ್ಣು ಅಗೆಯೋ ಯಾವ ಗಾಡಿ ಬಂದರೂ ನಾವು ಜೆಸಿಬಿ ಅಂತೀವಿ, ಅಲ್ವಾ? ಹಾಗೇ ಆರು ತಿಂಗಳು ಕಳೆದ ಮೇಲೆ ಜನ ಇದನ್ನು ಏನಂತ ಕರೆಯುತ್ತಾರೆ? 'ಎಸೆಯೋ ಡಬ್ಬ' ಅಂದಳು ಏಳನೇ ಕ್ಲಾಸಿನವಳು. "ಅಪ್ಪ ಎಲ್ಲಿ?" "ಡಬ್ಬದಲ್ಲಿ ಹೋದ್ರು." ಇದು ಕನ್ನಡ.

ಮಾತಿನ ವಿಷಯ ಬಂದಾಗ ಇನ್ನೊಂದು ಹೇಳಬೇಕು. ನಮ್ಮದು ಗಡಿ ತಾಲೂಕು. ಆಂಧ್ರದ ಹಿಂದೂಪುರ ಪಕ್ಕದಲ್ಲೇ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಬ್ಬಳ ಕತೆಯಲ್ಲಿ ಸತ್ತ ಅವ್ವ ಬರುತ್ತಾಳೆ. ಬಂದು "ಎಲೈ ಮಾನವಳೇ" ಅಂತಾಳೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಪಾಪ. "ನಿಮ್ಮವ್ವ ಬದುಕಿದ್ದಾಗ ಏನಂತಿದ್ದರು?" ಅಂತ ಕೇಳಿದೆ. ಮುಂದಿನ ವಾರ ತಿದ್ದಿ ತಂದಳು. ರಾತ್ರಿ ಬಾಗಿಲ ಹತ್ತಿರ ಅವ್ವ ನಿಂತಿದ್ದಾಳೆ, ಕಾಲು ಕಾಣಿಸುತ್ತಿಲ್ಲ. ಕೇಳುತ್ತಾಳೆ: "ತಿನ್ನಾವಾ?" ಊಟ ಆಯ್ತಾ ಅಂತ. ಅಷ್ಟೇ ಮಾತು. ರೂಮಿನಲ್ಲಿ ಯಾರೂ ನಗಲಿಲ್ಲ. ನನಗೆ ಮೈ ಜುಮ್ಮೆಂದಿತು.

ದೆವ್ವದ ಪಾಠಕ್ಕೆ ನಾನು ಯಾವಾಗಲೂ ಹಿಡಿಯೋದು 'ನಾಳೆ ಬಾ'. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹೀಗೆ ಬರೆದಿದ್ದರು. ನಮ್ಮ ಮನೆಯಲ್ಲಿ ಬರೆದವಳು ನಾನೇ, ಅಕ್ಷರ ದುಂಡಗೆ ಇತ್ತು ಅಂತ. ರಾತ್ರಿ ಒಂದು ದೆವ್ವ ನಮ್ಮವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಸತ್ತೆವು. ಬಾಗಿಲ ಮೇಲೆ 'ನಾಳೆ ಬಾ' ಅಂತಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೆ ಮತ್ತೆ 'ನಾಳೆ ಬಾ'. ಮಕ್ಕಳಿಗೆ ಇದನ್ನು ಹೇಳಿ, "ಈಗ ಪ್ರಶ್ನೆ ಕೇಳಿ" ಅಂತೀನಿ. ದೆವ್ವ ಓದೋಕೆ ಎಲ್ಲಿ ಕಲಿತಿತು? ಗಡಿ ದಾಟಿ ನಮ್ಮ ನೆಂಟರ ಮನೆಯಲ್ಲಿ 'ಓ ಸ್ತ್ರೀ, ರೇಪು ರಾ' ಅಂತ ತೆಲುಗಲ್ಲಿ ಬರೆದಿದ್ದರು, ಹಾಗಾದರೆ ಅದಕ್ಕೆ ಎರಡು ಭಾಷೆ ಬರುತ್ತಾ? ಓದೋಕೆ ಬಾರದ ಮನೆಯವರು ಯಾರ ಕೈಲಿ ಬರೆಸಿಕೊಂಡರು? ಅದಕ್ಕೆ ದುಡ್ಡು ಕೊಟ್ಟರಾ? ಒಬ್ಬ ಹುಡುಗ, ಬಾಗಿಲಿಗೆ ಎರಡು ರೂಪಾಯಿ ತಗೊಂಡು 'ನಾಳೆ ಬಾ' ಬರೆದುಕೊಡೋ ಹುಡುಗನ ಕತೆ ಬರೆದ. ಆ ಹುಡುಗ ಒಂದು ಮನೆಯವರ ಮೇಲಿನ ಸಿಟ್ಟಿಗೆ ಬೇಕಂತಲೇ 'ಇವತ್ತೇ ಬಾ' ಅಂತ ಬರೆಯುತ್ತಾನೆ. ಆ ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ. ನಾನು ಬರೆಯಬೇಕಿದ್ದ ಕತೆ ಅದು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈ ದೆವ್ವಗಳ ವಿಷಯಕ್ಕೆ ಒಂದು ಆಕ್ಷೇಪಣೆಯೂ ಬಂತು. ಆಧಾರ್ ಜೆರಾಕ್ಸ್‌ಗೆ ಬಂದ ಒಬ್ಬ ರಿಟೈರ್ಡ್ ಮೇಷ್ಟ್ರು, "ಎಚ್. ನರಸಿಂಹಯ್ಯನವರ ತಾಲೂಕಲ್ಲಿ ಕೂತು ಮಕ್ಕಳ ಕೈಲಿ ದೆವ್ವ ಬರೆಸ್ತೀಯಲ್ಲಮ್ಮ" ಅಂದರು. ನರಸಿಂಹಯ್ಯನವರು ಇಲ್ಲೇ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು. ಮೇಷ್ಟ್ರ ಮಾತು ಎರಡು ದಿನ ತಲೆಯಲ್ಲಿ ಕೊರೆಯಿತು. ಆಮೇಲೆ ಅವರಿಗೆ 'ನಾಳೆ ಬಾ' ಪ್ರಶ್ನೆಗಳ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಮೂವತ್ತು ವರ್ಷದ ಹಿಂದೆ ಇದನ್ನ ಒಬ್ಬರೂ ಕೇಳಲಿಲ್ಲ ನೋಡು" ಅಂದು, ಇನ್ನೊಂದು ಪ್ರಶ್ನೆ ಸೇರಿಸಿದರು: ಮಳೆ ಬಂದು ಅಕ್ಷರ ಅಳಿಸಿದ ಮನೆಗಳಲ್ಲಿ ಏನಾಯಿತು? ಜೆರಾಕ್ಸ್ ದುಡ್ಡು ಮಾತ್ರ ಆವತ್ತೂ ಬಾಕಿ ಹೇಳಿದರು.

'ಇಲ್ಲೇನಿದೆ ಅಕ್ಕಾ' ಅಂದಿದ್ದರಲ್ಲ, ಅದಕ್ಕೆ ಉತ್ತರ ಕೊಡಲು ನನಗೆ ಸ್ವಲ್ಪ ಸಮಯ ಬೇಕಾಯಿತು. ನಮ್ಮ ಊರಿಗೆ ಎರಡು ಕಿವಿ ಇವೆ. ಒಂದು ಆಕಾಶಕ್ಕೆ, ಒಂದು ನೆಲಕ್ಕೆ. ಆಕಾಶದ ಕಿವಿ ಇರೋದು ಕೋಟಾಲದಿನ್ನೆ ಹತ್ತಿರ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರೂ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರೂ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ. ಅದೂ 1976ರದ್ದೇ. ದೂರದರ್ಶಕ ಅಂದರೆ ಮಕ್ಕಳು ದೊಡ್ಡ ಬಾಣಲೆ ಥರದ್ದು ಅಂದುಕೊಂಡಿದ್ದರು. ಇದು ಸಾಲುಸಾಲು ಕಂಬ, ತಂತಿ. ಯಾರೋ ದ್ರಾಕ್ಷಿ ಚಪ್ಪರಕ್ಕೆ ಕಂಬ ನೆಟ್ಟು ಬಳ್ಳಿ ಹಾಕೋದು ಮರೆತ ಹಾಗೆ. ಇಂಗ್ಲಿಷಿನ ಟಿ ಅಕ್ಷರದ ಆಕಾರ. ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕೇಳಿಸಿಕೊಳ್ಳಲು ಕಟ್ಟಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮ ಎಫ್‌ಎಂಗಿಂತ ತುಂಬಾ ಕೆಳಗೆ. ಒಂದೊಂದು ಅಲೆಯೂ ಹತ್ತಿರಹತ್ತಿರ ಒಂದು ಬಸ್ಸಿನಷ್ಟು ಉದ್ದ.

ನೆಲದ ಕಿವಿ ಭಾಭಾ ಅಣು ಸಂಶೋಧನಾ ಕೇಂದ್ರದವರದ್ದು. 1960ರ ದಶಕದಿಂದ ಇದೆ. ಪ್ರಪಂಚದಲ್ಲಿ ಯಾರಾದರೂ ನೆಲದಡಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದರೆ ಅದರ ನಡುಕವನ್ನು ಇಲ್ಲಿ ಕೂತು ಹಿಡಿಯೋದು ಅದರ ಕೆಲಸ. ಭೂಕಂಪಕ್ಕೂ ಬಾಂಬಿಗೂ ನಡುಕ ಬೇರೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ, ಬಾಂಬಲ್ಲಿ ಎಲ್ಲಾ ಕಡೆಗೂ ಒಮ್ಮೆಗೇ ಹೊರಕ್ಕೆ ತಳ್ಳುತ್ತದೆ. ನಾವು ಹಳೇ ಟೊಮೆಟೊ ಬಾಕ್ಸಿನ ಮೇಲೆ ಲೋಟದಲ್ಲಿ ನೀರಿಟ್ಟು, ಒಮ್ಮೆ ಗುದ್ದಿ, ಒಮ್ಮೆ ಎಳೆದು ನೋಡಿದೆವು. ಸರಿಯಾಗಿ ಗೊತ್ತಾಗಲಿಲ್ಲ. ನೀರು ಚೆಲ್ಲಿ ಕೆಳಗೆ ಲ್ಯಾಮಿನೇಷನ್ ಮಿಷಿನ್ ಮೇಲೆ ಸೋರಿದ್ದು ಮಾತ್ರ ಗೊತ್ತಾಯಿತು.

ಈ ಎರಡು ಕಿವಿ ಇಟ್ಟುಕೊಂಡು ಬರೆಯಿರಿ ಅಂದೆ. ಆ ವಾರ ಒಬ್ಬನೂ ಜಾನ್ ಬರಲಿಲ್ಲ. ಸೆಕೆಂಡ್ ಪಿಯುಸಿ ಹುಡುಗ ಬರೆದದ್ದು ಹೀಗೆ. ಐವತ್ತು ವರ್ಷದಿಂದ ಕಿವಿಗೊಟ್ಟು ಕೂತ ಮೇಲೆ ಆಕಾಶದಿಂದ ಒಂದು ಉತ್ತರ ಬರುತ್ತದೆ. ಬರೋದು ಗಣೇಶ ಬಿಡೋ ರಾತ್ರಿ. ಊರ ತುಂಬಾ ಡಿಜೆ. ಯಾರಿಗೂ ಕೇಳಿಸಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೂ ಇಷ್ಟ ಆಯಿತು. ಆಗ ಇನ್ನೊಬ್ಬಳು, ವಿಜ್ಞಾನದಲ್ಲಿ ಚುರುಕು, ಕೈ ಎತ್ತಿದಳು. "ಡಿಜೆ ಶಬ್ದ ಗಾಳಿಯಲ್ಲಿ ಬರೋದು. ರೇಡಿಯೋ ಅಲೆಗೆ ಅದರಿಂದ ಏನೂ ಆಗಲ್ಲ." ಚಪ್ಪಾಳೆ ನಿಂತಿತು. ಎರಡನೇ ಸುಳ್ಳು ಸಿಕ್ಕಿಬಿತ್ತು. ಹಾಗಂತ ಕತೆ ಬಿಡೋಕಾಗುತ್ತಾ? ಹಳೇ ರೇಡಿಯೋ ಕೇಳುವಾಗ ಯಾರಾದರೂ ಸ್ವಿಚ್ ಹಾಕಿದರೆ ಗರ್ ಅಂತಿತ್ತು ಅಂತ ನಾನು ಹೇಳಿದೆ. ವೈರಲ್ಲಿ ಕಿಡಿ ಹಾರಿದರೂ ರೇಡಿಯೋ ಅಲೆ ಏಳುತ್ತದೆ. ಅಲ್ಲಿಗೆ ದಾರಿ ಸಿಕ್ಕಿತು. ಈಗ ಕತೆಯಲ್ಲಿ ಡಿಜೆ ಇಲ್ಲ. ಮೆರವಣಿಗೆ ಗಾಡಿ ಕೋಟಾಲದಿನ್ನೆ ಪಕ್ಕ ಹೋಗುತ್ತದೆ, ಸೀರಿಯಲ್ ಸೆಟ್ಟಿನ ಒಂದು ವೈರು ಬಿಚ್ಚಿಕೊಂಡು ಕಿಡಿ ಹಾರುತ್ತಿದೆ. ಅದನ್ನು ಸುತ್ತಬೇಕಾದ ಇನ್ಸುಲೇಷನ್ ಟೇಪು ಹತ್ತು ರೂಪಾಯಿ. ಕತೆ ಆ ಹತ್ತು ರೂಪಾಯಿ ಉಳಿಸಿದ ಎಲೆಕ್ಟ್ರಿಷಿಯನ್ ಬಗ್ಗೆ. ಮೊದಲಿನದಕ್ಕಿಂತ ನೂರು ಪಾಲು ಚೆನ್ನಾಗಿದೆ.

ನಡುವೆ ಒಬ್ಬ ಫೋನಿನಲ್ಲಿ ಎಐ ಕೈಲಿ ಬರೆಸಿಕೊಂಡು ಬಂದ. ನಾನು ಏನೂ ಹೇಳಲಿಲ್ಲ, ಓದಿಸಿದೆ. ಹೊಳೆಯೋ ನಗರ, ನೀಲಿ ಬೆಳಕು, ಮಾನವೀಯತೆ ಗೆದ್ದಿತು. ಮುಗಿದ ಮೇಲೆ ಏಳನೇ ಕ್ಲಾಸಿನವಳು ಕೇಳಿದಳು, "ಅಣ್ಣಾ, ಇದರಲ್ಲಿ ಯಾರೂ ಊಟ ಮಾಡಲ್ವಾ?" ಅವನೇ ಅದನ್ನು ಡಿಲೀಟ್ ಮಾಡಿದ.

ಈ ಏಳನೇ ಕ್ಲಾಸಿನವಳ ಬಗ್ಗೆ ಸ್ವಲ್ಪ ಬರೆಯಲೇಬೇಕು. ಜಾಸ್ತಿ ಮಾತಿಲ್ಲ. ಮೂಲೆಯಲ್ಲಿ, ಪೇಪರ್ ರಿಮ್ಮುಗಳ ಮೇಲೆ ಕೂರುತ್ತಾಳೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅಜ್ಜಿ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚೋ ಕೆಲಸ ಮಾಡಿದವರು. ಒಂದು ರೇಷ್ಮೆ ಗೂಡಿನಲ್ಲಿ ಎಂಟುನೂರು, ಸಾವಿರ ಮೀಟರಿನಷ್ಟು ಒಂದೇ ಎಳೆ ಇರುತ್ತದೆ. ಇವಳ ಅಕಸ್ಮಾತ್ ಏನು ಅಂದರೆ, ಅಕಸ್ಮಾತ್ ಹುಳ ತನ್ನ ಜೀವನದ ಕತೆಯನ್ನೆಲ್ಲ ಆ ಎಳೆಯಲ್ಲಿ ಬರೆಯುತ್ತಿದ್ದರೆ? ಅಜ್ಜಿ ಅದನ್ನು ಬೆರಳಲ್ಲಿ ಓದುತ್ತಾಳೆ. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿರುತ್ತವೆ, ಅಜ್ಜಿ ಕೈ ಅದ್ದಿ ಎಳೆಯ ತುದಿ ಹುಡುಕುತ್ತಾಳೆ. ವರ್ಷಗಟ್ಟಲೆ ನೀರಲ್ಲಿದ್ದು ಬೆರಳ ತುದಿ ಬೆಳ್ಳಗೆ, ಮೆತ್ತಗೆ, ಗೆರೆಗಳೇ ಇಲ್ಲ. ಅಂಥ ಬೆರಳಿಗೆ ಮಾತ್ರ ಆ ಅಕ್ಷರ ತಾಗುತ್ತದೆ.

ಇಷ್ಟು ಹೊತ್ತಿಗೆ ಯಾರಾದರೂ ನಿಲ್ಲಿಸುತ್ತಿದ್ದರು. ನಾನಾಗಿದ್ದರೆ ನಿಲ್ಲಿಸುತ್ತಿದ್ದೆ. ಇವಳು ಲೆಕ್ಕ ಮುಂದುವರಿಸಿದಳು. ಒಂದು ಗೂಡಿನ ಎಳೆ ತೀರಾ ಸಣ್ಣ, ನೇಯೋಕೆ ಆಗಲ್ಲ. ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ತೆಗೆಯುತ್ತಾರೆ. ಹಾಗಾಗಿ ಅಜ್ಜಿಗೆ ಒಂದು ಹುಳದ ಕತೆ ಯಾವತ್ತೂ ಪೂರ್ತಿ ಸಿಗಲ್ಲ. ನಲ್ಲಿ ಹತ್ತಿರ ಎಂಟು ಹೆಂಗಸರು ಒಟ್ಟಿಗೆ ಮಾತಾಡಿದ ಹಾಗೆ ಕೇಳುತ್ತದೆ. ಒಬ್ಬಳು ಸೊಪ್ಪಿನ ರುಚಿ ಹೇಳುತ್ತಿದ್ದಾಳೆ, ಒಬ್ಬಳಿಗೆ ಮೂರನೇ ಜ್ವರದ, ಅಂದರೆ ಪೊರೆ ಬಿಡೋ ಹೊತ್ತಿನ ನಿದ್ದೆಯ ನೆನಪು, ಒಬ್ಬಳು ಗೂಡು ಕಟ್ಟಲು ಬಿಡೋ ತಟ್ಟೆಯಲ್ಲಿ, ಚಂದ್ರಿಕೆಯಲ್ಲಿ, ಪಕ್ಕದಲ್ಲಿದ್ದವಳನ್ನು ಬೈಯುತ್ತಿದ್ದಾಳೆ. ಒಂದು ಎಳೆ ನಡುವೆ ಕಿತ್ತುಹೋಗುತ್ತದೆ. ಅಜ್ಜಿ ಅದರ ಜಾಗಕ್ಕೆ ಬೇರೆ ಗೂಡಿನ ಎಳೆ ಸೇರಿಸಬೇಕು, ಕೆಲಸ ನಿಲ್ಲಿಸೋ ಹಾಗಿಲ್ಲ. ಆದರೆ ಕಿತ್ತುಹೋದವಳು ಏನೋ ಹೇಳಲು ಹೊರಟಿದ್ದಳು. ಅಜ್ಜಿ ಬಿಸಿನೀರಲ್ಲಿ ಅದೊಂದೇ ಗೂಡನ್ನು ಹುಡುಕುತ್ತಾಳೆ. ಎಲ್ಲಾ ಒಂದೇ ಥರ ಇವೆ.

ಈ ಕತೆ ಬರೆದಿದ್ದು ಒಂದು ನಾಮಕರಣದ ಕಾರ್ಡಿನ ಪ್ರೂಫ್ ಹಿಂದೆ. ನಾನು ಅದರ ಒಂದು ಜೆರಾಕ್ಸ್ ತೆಗೆದು ಇಟ್ಟುಕೊಂಡಿದ್ದೇನೆ. ಒಂದೇ ಒಂದು ಪದ ತಿದ್ದಿದೆ. 'ಅಳುತ್ತಾ ಹುಡುಕಿದಳು' ಅಂತ ಇತ್ತು. ಅಳುತ್ತಾ ತೆಗೆದೆ.

ನಾನೂ ಮಕ್ಕಳ ಜೊತೆ ಬರೆಯಬೇಕು ಅನ್ನೋದು ನಮ್ಮ ಒಪ್ಪಂದ. ಬರೀ ಮಾರ್ಕ್ಸ್ ಹಾಕೋ ಹಾಗಿಲ್ಲ. ಆರು ವಾರ ಕೂತು ಒಂದು ಕತೆ ಬರೆದೆ. ಉತ್ತರ ಪಿನಾಕಿನಿ ಒಣಗಿರೋ ನಮ್ಮ ಕಡೆ ಒಬ್ಬ ರೈತ ಹೆಂಗಸು ಸಾಲ ಮಾಡಿ ಬೋರು ಕೊರೆಸುತ್ತಾಳೆ. ನೀರಿನ ಪಾಯಿಂಟ್ ನೋಡೋರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸುತ್ತಾರೆ. ಸಾವಿರ ಅಡಿ ದಾಟಿದರೂ ಬರೀ ಧೂಳು. 1,240 ಅಡಿಗೆ ಹೋದಾಗ ಗುಂಡಿಯೊಳಗಿನಿಂದ ಒಂದು ದನಿ ಕೇಳುತ್ತದೆ. ಹೆಂಗಸು ಬಗ್ಗಿ ಕಿವಿಗೊಡುತ್ತಾಳೆ. ಓದಿ ಮುಗಿಸಿದಾಗ ನನಗೇ ಗಂಟಲು ಕಟ್ಟಿತ್ತು. ತಲೆ ಎತ್ತಿ ನೋಡಿದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬೆರಳು ಮಡಿಸಿ ಏನೋ ಎಣಿಸುತ್ತಿದ್ದ. ಅವರಪ್ಪ ಬೋರ್‌ವೆಲ್ ಏಜೆಂಟ್, ತಮಿಳುನಾಡಿನ ತಿರುಚೆಂಗೋಡಿನ ಬೋರು ಲಾರಿಗಳನ್ನು ಕರೆಸಿ ಕೊರೆಸುತ್ತಾರೆ.

"ಅಕ್ಕಾ, ಒಂದು ರಾಡು ಇಪ್ಪತ್ತು ಅಡಿ. 1,240 ಅಡಿಗೆ 62 ರಾಡು ಒಳಗಿದೆ. ರಾಡ್ ಒಳಗಿರೋವಾಗ ದನಿ ಎಲ್ಲಿಂದ ಬರುತ್ತೆ?"

ನಾನು ಏನೋ ತೊದಲಿದೆ.

"ಕಂಪ್ರೆಸರ್ ಓಡ್ತಿರುತ್ತೆ. ಪಕ್ಕದಲ್ಲಿ ನಿಂತೋರ ಮಾತೇ ಕೇಳಲ್ಲ. ಗುಂಡಿಯಿಂದ ಕಲ್ಲುಪುಡಿ ಬಾಣದ ಥರ ಮೇಲಕ್ಕೆ ಬರ್ತಿರುತ್ತೆ. ಬಗ್ಗಿ ಕಿವಿ ಕೊಟ್ರೆ ಮುಖ ಹೋಗುತ್ತೆ ಅಕ್ಕಾ."

ಆರು ವಾರದ ಕತೆ ಎರಡು ನಿಮಿಷಕ್ಕೆ ನೆಲಕ್ಕೆ ಬಿತ್ತು. ಒಂದೇ ಸುಳ್ಳು ಅಂತ ಎಲ್ಲರಿಗೂ ಪಾಠ ಹೇಳಿದವಳು ನಾನೇ ಮೂರು ಹೇಳಿದ್ದೆ. ಅವತ್ತು ಟೀ ನಾನು ಕೊಡಿಸಿದೆ. ಟೀ ಕುಡಿಯುತ್ತಾ ಅವನನ್ನು ಕೇಳಿದೆ, ಹಾಗಾದರೆ ದನಿ ಯಾವಾಗ ಕೇಳಬಹುದು? ಅವನು ಯೋಚನೆ ಮಾಡಿದ. ನೀರು ಸಿಗಲಿಲ್ಲ ಅಂದರೆ ರಾಡೆಲ್ಲ ಒಂದೊಂದಾಗಿ ಮೇಲೆತ್ತುತ್ತಾರೆ. 62 ರಾಡು. ಲಾರಿ ಹೊರಟುಹೋಗುತ್ತದೆ. ಮಕ್ಕಳು ಬೀಳಬಾರದು ಅಂತ ಕೇಸಿಂಗ್ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ಮೇಲೆ ಕಲ್ಲು ಇಡುತ್ತಾರೆ. "ಆಮೇಲೆ ರಾತ್ರಿ ಹೋಗಿ ಚೀಲ ತೆಗೆದ್ರೆ, ಗಾಳಿ ಬಂದಾಗ ಖಾಲಿ ಬೋರು ಹೂಂ ಅಂತದೆ ಅಕ್ಕಾ. ಉಸಿರಾಡಿದ ಹಾಗೆ. ನಾನು ಕೇಳಿದೀನಿ."

ಮತ್ತೆ ಬರೆದೆ. ಈಗ ಕತೆ ಶುರುವಾಗೋದು ಲಾರಿ ಹೋದ ಮೇಲೆ. ಸಾಲ ಹಾಗೇ ಇದೆ, ನೀರಿಲ್ಲ, ಹೊಲದ ತುಂಬಾ ಬೂದಿ ಥರ ಕಲ್ಲುಪುಡಿ. ಹೆಂಗಸು ರಾತ್ರಿ ಕಲ್ಲು ಸರಿಸಿ, ಗೋಣಿಚೀಲ ತೆಗೆದು, ತಣ್ಣಗಿನ ಕೇಸಿಂಗ್ ಪೈಪಿಗೆ ಕಿವಿ ಇಡುತ್ತಾಳೆ. ಕೆಳಗಿನಿಂದ ಯಾರೋ "ಇನ್ನೂ ಇಪ್ಪತ್ತು ಅಡಿ" ಅಂತಾರೆ. ಹೋದ ಭಾನುವಾರ ಓದಿದೆ. ಹುಡುಗ ಬೆರಳು ಮಡಿಸಲಿಲ್ಲ. ತಲೆ ಆಡಿಸಿದ. ನಾನು ಉಸಿರು ಬಿಡೋಷ್ಟರಲ್ಲಿ, "ಗೆರೆ ಎಳೆದ್ರಾ ಅಕ್ಕಾ?" ಅಂದ.

"ಎಳೆದಿಲ್ಲ."

"ಕೊರೆಯೋಕೆ ಅಡಿ ಲೆಕ್ಕದಲ್ಲಿ ದುಡ್ಡು. ಇನ್ನೂ ಇಪ್ಪತ್ತು ಅಡಿ ಅಂದ್ರೆ ಲಾಭ ಯಾರಿಗೆ?" ಅವನೇ ನಕ್ಕ. "ನಮ್ಮಪ್ಪಂಗೆ."

ಎಲ್ಲರೂ ನಕ್ಕರು. ನಾನು ಹಾಳೆ ತಿರುಗಿಸಿ, ಯಾರದೋ ಗೃಹಪ್ರವೇಶದ ಪಕ್ಕ ಗೆರೆ ಎಳೆದು, ಲಾಭದ ಕಡೆ ಅವನ ಅಪ್ಪನನ್ನು ಬರೆದೆ. ಹಾಗಾದರೆ ಆ ದನಿ ಯಾರದು, ಅದಕ್ಕೇನು ಲಾಭ? ಒಬ್ಬೊಬ್ಬರೂ ಒಂದೊಂದು ಹೇಳಿದರು. ಭೂತಾಯಿ ಅಂದರು, ಹಿಂದೆ ಸತ್ತ ರೈತ ಅಂದರು, ಏಜೆಂಟೇ ಸ್ಪೀಕರ್ ಇಳಿಸಿದ್ದಾನೆ ಅಂದರು. ಯಾವುದೂ ಕೂರಲಿಲ್ಲ. ಹನ್ನೆರಡೂವರೆ ಆಗಿತ್ತು. ಕೆಳಗೆ ಯಾರೋ ಶಟರ್ ಬಡಿಯುತ್ತಿದ್ದರು.

ರಿಮ್ಮುಗಳ ಮೇಲಿಂದ ಏಳನೇ ಕ್ಲಾಸಿನವಳು ಹೇಳಿದಳು. "ಕೆಳಗಿರೋರೂ ನೀರಿಗೆ ಮೇಲಕ್ಕೆ ಬೋರು ಕೊರೀತಿದ್ರೆ?"

ಯಾರೂ ಮಾತಾಡಲಿಲ್ಲ. ಬೋರ್‌ವೆಲ್ ಹುಡುಗ ನನ್ನ ಕೈಯಿಂದ ಪೆನ್ನು ತಗೊಂಡ. ಹಾಳೆಯ ಮೂಲೆಯಲ್ಲಿ 1,240 ಅಂತ ಬರೆದು, ಅವಳ ಕಡೆ ತಿರುಗಿ ಕೇಳಿದ:

"ಅವರ ರಾಡೂ ಇಪ್ಪತ್ತು ಅಡೀನೇನಾ?"